ಮಾರಿಕಣಿವೆ: ತಾಲ್ಲೂಕಿನ ಗಡಿ ಮತ್ತು ನದಿಯ ಚರಿತ್ರೆ

ಸ್ಥಳೀಯ ಚರಿತ್ರೆಯನ್ನು ತಾಲ್ಲೂಕುವಾರು ಬರೆಯುವ ಕ್ರಮ ಕನ್ನಡ ಸಂಶೋಧನೆಯಲ್ಲಿ ರೂಢಮೂಲವಾಗಿದೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ' ಶಾಸನಗಳನ್ನು ತಾಲ್ಲೂಕುಗಳಿಗೆ ಅನುಸಾರವಾಗಿ ಜೋಡಿಸಿತು. 'ತಾಲ್ಲೂಕಿನ ಸಾಂಸ್ಕೃತಿಕ ಅಧ್ಯಯನ' ಎಂಬ ಮಾದರಿಯ ಪಿಎಚ್.ಡಿ. ಪ್ರಬಂಧಗಳು ಅದೇ ಚೌಕಟ್ಟನ್ನು ಮುಂದುವರಿಸಿದವು. ಆಕರಗಳನ್ನು ಹುಡುಕಲು ಈ ಕ್ರಮ ಅನುಕೂಲಕರ. ಆದರೆ ಆಡಳಿತದ ಗಡಿಯನ್ನೇ ಬದುಕಿನ ಗಡಿಯೆಂದು ಭಾವಿಸಿದಾಗ ಏನು ಕೈತಪ್ಪುತ್ತದೆ ಎಂಬುದಕ್ಕೆ ಮಾರಿಕಣಿವೆ ಒಂದು ನಿದರ್ಶನ.

ಬಾಬಾಬುಡನ್‌ಗಿರಿಯ ತಪ್ಪಲಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಹೊಸದುರ್ಗ ಸೀಮೆಯನ್ನು ಹಾದು ಬಂದ ನದಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಹಿರಿಯೂರಿನ ಬಯಲಿಗೆ ಇಳಿಯುತ್ತಿತ್ತು. ಆ ಇಕ್ಕಟ್ಟಿನ ಅಧಿದೇವತೆ ಕಣಿವೆ ಮಾರಮ್ಮ, ಸ್ಥಳನಾಮ ಅವಳದೇ. ಮೈಸೂರು ಸಂಸ್ಥಾನ 1898ರಿಂದ 1907ರವರೆಗೆ ಇಲ್ಲಿ ಅಣೆಕಟ್ಟು ಕಟ್ಟಿಸಿ, ರಾಜಪ್ರತಿನಿಧಿ ಮಹಾರಾಣಿಯವರ ಹೆಸರಿನಲ್ಲಿ ಅದನ್ನು ವಾಣಿವಿಲಾಸ ಸಾಗರವೆಂದು ಕರೆಯಿತು. ದಾಖಲೆಗಳು ಹೊಸ ಹೆಸರನ್ನು ಒಪ್ಪಿದವು; ಜನರ ಬಾಯಲ್ಲಿ ಮಾತ್ರ ಮಾರಿಕಣಿವೆ ಉಳಿಯಿತು.

ಜಲಾಶಯದ ಪೂರ್ಣ ಮಟ್ಟ 130 ಅಡಿ, ಸಾಮರ್ಥ್ಯ ಸುಮಾರು 30 ಟಿಎಂಸಿ. ಇದರ ನೀರು ಹಿರಿಯೂರಿನ ಹೊಲ-ತೋಟಗಳಿಗೆ ಹರಿಯಿತು. ಹಿನ್ನೀರು ಹೊಸದುರ್ಗದ ಕಡೆಗೆ ಚಾಚಿತು. 1933ರ ನಂತರ ಜಲಾಶಯ ಕೋಡಿ ಬಿದ್ದುದು 89 ವರ್ಷಗಳ ಮೇಲೆ, 2022ರಲ್ಲಿ. 2025ರ ಜನವರಿಯಲ್ಲಿ ಮತ್ತೊಮ್ಮೆ. ಕೋಡಿ ಬಿದ್ದ ಸುದ್ದಿ ಹಿರಿಯೂರಿಗೆ ಹಬ್ಬವಾದರೆ, ಹೊಸದುರ್ಗದ ಹಿನ್ನೀರಿನ ಹಳ್ಳಿಗಳಿಗೆ ಹೊಲ, ರಸ್ತೆಗಳು ಮುಳುಗಿದ ಸಂಕಟವಾಯಿತು. ಕೋಡಿಯ ಎತ್ತರವನ್ನು ತಗ್ಗಿಸಬೇಕೆಂಬ ಕೂಗು ಅಲ್ಲಿಂದಲೇ ಎದ್ದಿತು. ಹಿರಿಯೂರು ತಾಲ್ಲೂಕನ್ನಷ್ಟೇ ಅಧ್ಯಯನ ಮಾಡುವವರಿಗೆ ಈ ಜಲಾಶಯ ವರ. ಹೊಸದುರ್ಗವನ್ನಷ್ಟೇ ನೋಡುವವರಿಗೆ ಅದು ನಷ್ಟ. ಎರಡೂ ಅರ್ಧಸತ್ಯಗಳೇ.

ತಾಲ್ಲೂಕು ಎಂಬ ಘಟಕವಾದರೂ ಸ್ಥಿರವಾದುದಲ್ಲ. ಹಿಂದೆ ತಾಲ್ಲೂಕು ಕೇಂದ್ರವಾಗಿದ್ದ ಬುಡಿಹಾಳು ಇಂದು ಹೊಸದುರ್ಗ ತಾಲ್ಲೂಕಿನ ಒಂದು ಗ್ರಾಮ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಚಿತ್ರದುರ್ಗದ ಭೂಪಟವೇ ಬದಲಾಯಿತು. ಹೀಗೆ ಅಳಿಸಿ ಬರೆಯಬಹುದಾದ ಗೆರೆಯನ್ನು ಆಧರಿಸಿ ಒಂದು ಸೀಮೆಯ ಸಂಸ್ಕೃತಿಗೆ ಎಲ್ಲೆ ಕಟ್ಟುವುದು ಶಾಸ್ತ್ರೀಯವೆನಿಸದು.

ಆದ್ದರಿಂದ ವೇದಾವತಿಯ ಕಣಿವೆಯನ್ನೇ ಒಂದು ಅಧ್ಯಯನ ಘಟಕವಾಗಿ ಸ್ವೀಕರಿಸುವುದು ಅಗತ್ಯ. ಹಳೆಯ ಕಂದಾಯ ನಕ್ಷೆಗಳಲ್ಲಿನ ಗ್ರಾಮನಾಮಗಳನ್ನು ಇಂದಿನ ಹೆಸರುಗಳೊಡನೆ ಹೋಲಿಸಬೇಕು. ನೀರಿನ ಅಂಚಿನ ಮನೆತನಗಳ ಮೂಲದ ಊರು, ಮನೆದೇವರು, ಬಿಟ್ಟುಬಂದ ಹೊಲಗಳ ಹೆಸರುಗಳನ್ನು ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಬೇಕು. ಅಣೆಕಟ್ಟು ಮುಗಿದು ಶತಮಾನ ಕಳೆದಿದೆ. ಹಿರಿಯರಿಂದ ಕೇಳಿ ತಿಳಿದವರ ತಲೆಮಾರೂ ಮರೆಯಾಗುತ್ತಿದೆ. ತಾಲ್ಲೂಕು ಕಚೇರಿಯ ಕಡತ ಇನ್ನಷ್ಟು ಕಾಲ ಕಾಯಬಹುದು. ಆ ನೆನಪು ಕಾಯಲಾರದು.