ಓದು ಯಂತ್ರದ್ದು, ಸಹಿ ಯಾರದು?



ನಿಮ್ಮಲ್ಲಿ ಅನೇಕರು ತಂತ್ರಾಂಶ ಕ್ಷೇತ್ರದಲ್ಲಿದ್ದೀರಿ. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ತಪ್ಪು ತೋರಿಸುವ ‘ಕೋಡ್ ರಿವ್ಯೂ’ ನಿಮಗೆ ನಿತ್ಯದ ಕೆಲಸ. ಈಗ ಆ ಓದನ್ನೇ ಕೃತಕ ಬುದ್ಧಿಮತ್ತೆಗೆ ಒಪ್ಪಿಸುವ ಪರಿಪಾಠ ಬೆಳೆಯುತ್ತಿದೆ. ಕೋಡಿನ ಒಳಗುಟ್ಟು ನನ್ನ ವಿಷಯವಲ್ಲ. ಆದರೆ ಬೇರೊಬ್ಬರ ಬರಹವನ್ನು ಓದಿ ಅದರ ಕೆಳಗೆ ಸಹಿ ಹಾಕುವುದು ಮೇಷ್ಟರ ಜೀವಮಾನದ ಉದ್ಯೋಗ. ಆ ಸಲುಗೆಯಿಂದ ನಾಲ್ಕು ಮಾತು.

ಅಂತರಜಾಲದಲ್ಲಿ ದತ್ತಾಂಶ ಸಾಗಿಸುವ ‘ಕರ್ಲ್’ ಎಂಬ ಮುಕ್ತ ತಂತ್ರಾಂಶವನ್ನು ನೀವು ಬಲ್ಲಿರಿ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಮತ್ತು ಸಂಗಡಿಗರು ಅದನ್ನು ನಡೆಸುತ್ತಿದ್ದಾರೆ. ಅದರ ಭದ್ರತಾ ಲೋಪ ಹುಡುಕಿಕೊಟ್ಟವರಿಗೆ 2019ರಿಂದ ಬಹುಮಾನವಿತ್ತು. ಬರಬರುತ್ತ, ಯಂತ್ರದಿಂದ ಬರೆಸಿದ ವರದಿಗಳು ರಾಶಿ ಬಿದ್ದವು. ಭಾಷೆ ಸೊಗಸು, ವಾದ ಗಂಭೀರ. ಲೋಪ ಮಾತ್ರ ಇರಲೇ ಇಲ್ಲ! 2025ರಲ್ಲಿ ಬಂದ ವರದಿಗಳಲ್ಲಿ ನಿಜವಾದ ಲೋಪ ತೋರಿಸಿದವು ಶೇಕಡ 5ರಷ್ಟು ಮಾತ್ರವೆಂದು ಆ ವರ್ಷದ ಮಧ್ಯದಲ್ಲಿ ಸ್ಟೆನ್‌ಬರ್ಗ್ ಬರೆದರು. 2026ರ ಜನವರಿ ಕೊನೆಗೆ ಬಹುಮಾನವೇ ನಿಂತಿತು. ಇಂಥ ವರದಿ ಬರೆಸಲು ಒಂದು ನಿಮಿಷ ಸಾಕು. ಅದು ಸುಳ್ಳೆಂದು ತೋರಿಸಲು ಬಲ್ಲವರ ಗಂಟೆಗಳು ವ್ಯಯವಾಗುತ್ತವೆ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. 2025ರ ಸೆಪ್ಟೆಂಬರಿನಲ್ಲಿ ಭದ್ರತಾ ವಿಷಯ ಬಲ್ಲ ಸಂಶೋಧಕರೊಬ್ಬರು ಕೃತಕ ಬುದ್ಧಿಮತ್ತೆಯ ಸಾಧನಗಳಿಂದಲೇ ಕರ್ಲ್ ಕೋಡನ್ನು ಜಾಲಾಡಿ ಒಂದು ಪಟ್ಟಿ ಕಳುಹಿಸಿದರು. ಅದರಿಂದ ಹತ್ತಾರು ನಿಜವಾದ ದೋಷಗಳು ತಿದ್ದಲ್ಪಟ್ಟವು. ಸ್ಟೆನ್‌ಬರ್ಗ್ ಅದನ್ನು ಮುಕ್ತಕಂಠದಿಂದ ಮೆಚ್ಚಿದರು. ಆದ್ದರಿಂದ ದೋಷ ಸಾಧನದ್ದಲ್ಲ. ವ್ಯತ್ಯಾಸವಿರುವುದು ಅದನ್ನು ಹಿಡಿದ ಕೈಯ ತಿಳಿವಳಿಕೆಯಲ್ಲಿ.

ಎಸ್ಸೆಸ್ಸೆಲ್ಸಿ ಮೌಲ್ಯಮಾಪನದಲ್ಲಿ ಮಾದರಿ ಉತ್ತರಗಳ ಪಟ್ಟಿ ಮೇಷ್ಟರ ಮುಂದಿರುತ್ತದೆ. ಹುಡುಗಿಯೊಬ್ಬಳು ಪಟ್ಟಿಯಲ್ಲಿಲ್ಲದ ದಾರಿಯಲ್ಲಿ ಲೆಕ್ಕ ಬಿಡಿಸಿ ಸರಿಯುತ್ತರ ತಲುಪಿರುತ್ತಾಳೆ. ಪಟ್ಟಿಗೆ ಹೋಲಿಸಿ ನೋಡುವವರು ಅಂಕ ಕಳೆಯುತ್ತಾರೆ. ಓದುವವರು ಪೂರ್ಣ ಅಂಕ ಕೊಡುತ್ತಾರೆ. ಪಟ್ಟಿ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಪತ್ರಿಕೆಯ ಮೇಲಿನ ಸಹಿ ಪಟ್ಟಿಯದಲ್ಲ, ಮೇಷ್ಟರದು.

ನಿಮ್ಮ ಕೆಲಸಕ್ಕೂ ಇದೇ ನ್ಯಾಯ. ಯಂತ್ರ ತಪ್ಪೆಂದು ತೋರಿಸಿದ್ದನ್ನು ಸ್ವತಃ ಓಡಿಸಿ ನೋಡದೆ ಇನ್ನೊಬ್ಬರ ಮುಂದಿಡಬೇಡಿ. ಯಂತ್ರ ಏನೂ ತೋರಿಸಲಿಲ್ಲವೆಂದು ಕೋಡನ್ನು ಒಪ್ಪಲೂಬೇಡಿ. ಅದರ ನೆರವು ಪಡೆದಿದ್ದರೆ ಮುಚ್ಚುಮರೆಯಿಲ್ಲದೆ ಹೇಳಿ. ಸಂಸ್ಥೆಯ ಕೋಡನ್ನು ಹೊರಗಿನ ಸಾಧನಕ್ಕೆ ಕೊಡುವ ಮುನ್ನ ಅನುಮತಿ ಕೇಳಿ.

ಎಲ್ಲಕ್ಕಿಂತ ಮುಖ್ಯವಾಗಿ, ಆಚೆ ಬದಿಯಲ್ಲಿ ಹೊಸದಾಗಿ ಕಲಿಯುತ್ತಿರುವ ಒಬ್ಬ ಹುಡುಗನೋ ಹುಡುಗಿಯೋ ಇರಬಹುದೆಂಬುದನ್ನು ಮರೆಯಬೇಡಿ. ನಿಮ್ಮ ಟಿಪ್ಪಣಿ ಅವರಿಗೆ ಪಾಠ. ‘ಇದೇಕೆ ತಪ್ಪು?’ ಎಂದು ಅವರು ಮರಳಿ ಕೇಳಿದಾಗ ನಿಮ್ಮ ಮಾತಿನಲ್ಲಿಯೇ ಉತ್ತರಿಸಲಾಗದಿದ್ದರೆ, ಆ ಟಿಪ್ಪಣಿಯ ಕೆಳಗೆ ಹೆಸರು ಹಾಕುವ ಅಧಿಕಾರ ನಿಮಗಿಲ್ಲ.