ವಿಮಾನ ಕಲಿಯಲು ವಿದೇಶ: ಉಳಿತಾಯ ಯಾರದು?

ಕಳೆದ ತಿಂಗಳ ಒಂದು ಭಾನುವಾರ ನಮ್ಮ ಸಂಘದ ಸಭಾಗೃಹವನ್ನು ಒಬ್ಬ ಏಜೆಂಟರಿಗೆ ಬಾಡಿಗೆಗೆ ಕೊಡಲಾಗಿತ್ತು. ವಿದೇಶದಲ್ಲಿ ಕಡಿಮೆ ಖರ್ಚಿನಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆಯುವುದು ಹೇಗೆ ಎಂಬುದು ಭಾಷಣದ ವಿಷಯ. ನಮ್ಮ ಯಕ್ಷಗಾನಕ್ಕೆ, ನಾಡಹಬ್ಬಕ್ಕೆ ಬಾರದ ಮಹನೀಯರೆಲ್ಲ ಮಕ್ಕಳೊಡನೆ ಬಂದು ಕುಳಿತಿದ್ದರು. ಬಾಡಿಗೆ ಬಂತೆಂದು ಖಜಾಂಚಿಗಳಿಗೆ ಸಂತೋಷ. ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ ನಮಗೆ ಮಾತ್ರ ಸಂತೋಷವಾಗಲಿಲ್ಲ.

ಏಜೆಂಟರು ಹಲಗೆಯ ಮೇಲೆ ಎಡಗಡೆ ಭಾರತದ ಶುಲ್ಕ ಬರೆದರು, ಬಲಗಡೆ ವಿದೇಶದ ಶುಲ್ಕ. ಒಂದರಿಂದ ಒಂದನ್ನು ಕಳೆದು, ಉಳಿದ ಮೊತ್ತದ ಸುತ್ತ ದೊಡ್ಡದೊಂದು ವೃತ್ತ ಎಳೆದರು. ಲೆಕ್ಕ ಅಲ್ಲಿಗೇ ಮುಗಿಯಿತು. ಅದು ಅರ್ಧ ಲೆಕ್ಕ.

ಉಳಿದರ್ಧವನ್ನು ನಾವು ಬರೆಯುತ್ತೇವೆ. ಹೊರದೇಶದ ಲೈಸೆನ್ಸು ಕೈಯಲ್ಲಿದ್ದ ಮಾತ್ರಕ್ಕೆ ಇಲ್ಲಿಯ ವಿಮಾನ ಕಂಪೆನಿಯಲ್ಲಿ ಕೆಲಸ ಸಿಕ್ಕುವುದಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ., ಅದರ ಆಧಾರದ ಮೇಲೆ ಭಾರತೀಯ ಲೈಸೆನ್ಸು ಕೊಡಬೇಕು. ಅದಕ್ಕೆ ವಾಯುಯಾನ ನಿಯಮ, ನ್ಯಾವಿಗೇಶನ್, ಹವಾಮಾನ ವಿಷಯಗಳ ಪರೀಕ್ಷೆ ಪಾಸಾಗಬೇಕು. ರೇಡಿಯೋ ಲೈಸೆನ್ಸು ಬೇಕು. ಹಾರಾಟದ ಪರೀಕ್ಷೆ ಬೇಕು. ಅಲ್ಲಿಯ ಅಧಿಕಾರಿಗಳಿಂದ ದೃಢೀಕರಣ ಬರಬೇಕು. ಅಮೆರಿಕದ ಅನುಮೋದಿತ ಶಾಲೆಗಳಲ್ಲಿ 190 ಗಂಟೆಗಳ ತರಬೇತಿಗೂ ಲೈಸೆನ್ಸು ದೊರೆಯಬಹುದು. ನಮ್ಮ ನಿಯಮ ಕೇಳುವುದು 200 ಗಂಟೆ, ಅದರಲ್ಲಿ 100 ಗಂಟೆ ಪೈಲಟ್-ಇನ್-ಕಮಾಂಡ್ ಆಗಿ. ಕೊರತೆ ಬಿದ್ದರೆ ಮತ್ತೆ ದುಡ್ಡು ಸುರಿದು ಹಾರಬೇಕು. ಇಷ್ಟಾದ ಮೇಲೆ ಏರ್‌ಬಸ್ 320 ಅಥವಾ ಬೋಯಿಂಗ್ 737 ನಡೆಸಲು ಟೈಪ್ ರೇಟಿಂಗ್. ಅದಕ್ಕೆ ಬೇರೆ ಲಕ್ಷಗಟ್ಟಲೆ. ಡಾಲರಿನ ಬೆಲೆಯೋ, 2014ರಲ್ಲಿ 60 ರೂಪಾಯಿಯ ಆಸುಪಾಸಿನಲ್ಲಿದ್ದದ್ದು 2025ರಲ್ಲಿ 85ನ್ನು ದಾಟಿತು. ಹಲಗೆಯ ಮೇಲೆ ಆ ದಿನದ ದರ ಬರೆದರು. ಕಡೆಯ ಕಂತು ಕಟ್ಟುವ ದಿನದ ದರವನ್ನು ಬರೆದವರು ಯಾರು?

ಡೊಂಬಿವಲಿಯಲ್ಲಿ ನಮಗೆ ಬೇಕಾದ ಒಂದು ಕುಟುಂಬವಿದೆ. ಯಜಮಾನರು ಮೂವತ್ತು ವರ್ಷ ಕ್ಯಾಂಟೀನು ನಡೆಸಿದವರು. ಊರಿನ ಅಡಿಕೆ ತೋಟದ ತಮ್ಮ ಪಾಲು ಮಾರಿ ಮಗನನ್ನು ಕಳುಹಿಸಿದರು. ಹುಡುಗ ಬುದ್ಧಿವಂತ, ಒಂದೂವರೆ ವರ್ಷದಲ್ಲಿ ಲೈಸೆನ್ಸು ಹಿಡಿದು ಬಂದ. ಬಂದು ಎರಡು ವರ್ಷವಾಯಿತು. ಒಂದು ಪರೀಕ್ಷೆ ಬಾಕಿ, ಟೈಪ್ ರೇಟಿಂಗಿಗೆ ಹಣವಿಲ್ಲ, ಈಗ ಕೊರಿಯರ್ ಆಫೀಸಿನಲ್ಲಿ ಕೂತಿದ್ದಾನೆ. ತಾಯಿ ನಮ್ಮೆದುರು ಅತ್ತದ್ದು ತೋಟ ಹೋಯಿತೆಂದಲ್ಲ. "ಮೊದಲೇ ಹೇಳಿದ್ದರೆ ಅವನು ಇಲ್ಲೇ ಪರೀಕ್ಷೆ ಮುಗಿಸಿ ಹೋಗುತ್ತಿದ್ದನಲ್ಲ" ಎಂದು. ಆ ಪರೀಕ್ಷೆಗಳಿಗೆ ಹೊರಡುವ ಮುಂಚೆಯೇ ಕೂರಬಹುದೆಂದು ಏಜೆಂಟರಿಗೆ ತಿಳಿಯದೆ ಇದ್ದೀತೇ? ಆದರೆ ಪರೀಕ್ಷೆಗೆ ಕುಳಿತ ಹುಡುಗ ಆರು ತಿಂಗಳು ಯೋಚಿಸುತ್ತಾನೆ. ಯೋಚಿಸಿದವನಿಂದ ಕಮಿಷನ್ ಬರುವುದಿಲ್ಲ.

ಹಾಗಾದರೆ ವಿದೇಶಕ್ಕೆ ಹೋಗಲೇಬಾರದೇ ಎಂದು ಯುವಕರು ನಮ್ಮ ಮೇಲೆ ಏರಿಬರಬಹುದು. ಹೋಗಿ. ಅರಿಜೋನಾದ ಬಿಸಿಲಿನಲ್ಲಿ ವರ್ಷದ ಬಹುಪಾಲು ದಿನ ಹಾರಬಹುದು. ಇಲ್ಲಿ ಮಳೆಗಾಲ ಬಂತೆಂದರೆ ವಿಮಾನ ಹ್ಯಾಂಗರಿನಲ್ಲಿ, ಹುಡುಗ ಹಾಸ್ಟೆಲಿನಲ್ಲಿ. 200 ಗಂಟೆ ಮುಗಿಸಲು ಇಲ್ಲಿ ಎರಡು ಮೂರು ವರ್ಷ ತೆತ್ತವರುಂಟು. ಬೆಂಗಳೂರಿನ ಜಕ್ಕೂರಿನಲ್ಲಿ ಸ್ವಾತಂತ್ರ್ಯ ಬಂದ ಆಸುಪಾಸಿನಿಂದ ಸರಕಾರಿ ವೈಮಾನಿಕ ಶಾಲೆಯಿದೆ. ನಡುವೆ ಅಲ್ಲಿ ತರಬೇತಿಯೇ ನಿಂತುಹೋದ ವರ್ಷಗಳಿದ್ದವು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತು ತಂದಿಳಿದದ್ದು ನಮ್ಮ ಜುಹೂವಿನಲ್ಲೇ. ಅಂಥ ಊರಿನಲ್ಲಿದ್ದು ನಮ್ಮ ಮಕ್ಕಳು ಹಾರಲು ಸಾಗರ ದಾಟಬೇಕಾಗಿರುವುದು ಏಜೆಂಟರ ತಪ್ಪಲ್ಲ, ಒಪ್ಪಿಕೊಳ್ಳುತ್ತೇವೆ. ಆ ನಾಚಿಕೆಯನ್ನು ಬಂಡವಾಳ ಮಾಡಿಕೊಂಡದ್ದು ಮಾತ್ರ ಅವರೇ.

ಹೋಗುವವರು ಮೊದಲು ಪ್ರಥಮ ದರ್ಜೆಯ ವೈದ್ಯಕೀಯ ತಪಾಸಣೆ ಮುಗಿಸಲಿ. ಬಣ್ಣ ಗುರುತಿಸುವ ದೃಷ್ಟಿದೋಷವೊಂದೇ ಸಾಕು, ಕನಸು ಅಲ್ಲಿಗೆ ನಿಲ್ಲುತ್ತದೆ. ಅದು ತೋಟ ಮಾರುವ ಮುಂಚೆ ತಿಳಿಯಬೇಕು, ಮಾರಿದ ಮೇಲಲ್ಲ. ಕೆಲಸ ಖಾತ್ರಿ ಎಂಬ ಮಾತನ್ನಂತೂ ನಂಬಬೇಡಿ. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ಸಾವಿರಾರು ಗಂಟೆ ಹಾರಿದ ಪೈಲಟರೇ ಬೀದಿಗೆ ಬಂದರು. ಇನ್ನೂರು ಗಂಟೆಯ ಹುಡುಗ ಅವರ ಹಿಂದೆ ಸಾಲಿನಲ್ಲಿ ನಿಲ್ಲಬೇಕಾಯಿತು.

ಅದೇ ಏಜೆಂಟರು ದೀಪಾವಳಿಯ ನಂತರ ಮತ್ತೊಮ್ಮೆ ಸಭಾಗೃಹ ಕೇಳಿದ್ದಾರಂತೆ. ಬೇಡವೆನ್ನಲು ನಾವು ಯಾರು? ಆದರೆ ಒಂದು ಷರತ್ತು ಹಾಕಬೇಕು. ಹಲಗೆಯ ಕೆಳಗಿನ ಅರ್ಧವನ್ನು ಅವರು ಖಾಲಿ ಬಿಡಬೇಕು. ಅವರ ಮೂಲಕ ಹೋಗಿ ಬಂದ ಹುಡುಗರನ್ನು ನಾವು ಕರೆತರುತ್ತೇವೆ, ತಮಗಾದ ಖರ್ಚನ್ನೂ ಕಾದ ತಿಂಗಳುಗಳನ್ನೂ ಅವರು ಅಲ್ಲಿ ಬರೆಯಲಿ. ಬರುವ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಸೂಚನೆ ಮಂಡಿಸಲಿದ್ದೇವೆ. ಬಾಡಿಗೆ ತಪ್ಪುತ್ತದೆಂದು ಖಜಾಂಚಿಗಳು ಆಕ್ಷೇಪಿಸಿದರೆ, ಆ ದಿನದ ಬಾಡಿಗೆಯನ್ನು ನಾವೇ ಕಟ್ಟುತ್ತೇವೆ.