ಹಳೆಯ ಗಡಿಯಾರಕ್ಕೆ ಹೊಸ ಮುಖವೇಕೆ?

ತಂದೆಯ ಕಾಲದ ಕೈಗಡಿಯಾರವು ಪೆಟ್ಟಿಗೆಯಿಂದ ಹೊರಬಂದೊಡನೆಯೇ ಅದರ ಕಂದಿದ ಮುಖಕ್ಕೆ ಹೊಸ ಬಣ್ಣವನ್ನು ಬಳಿಸಬೇಕೆಂಬ ಆತುರವು ವಿದ್ಯಾವಂತರ ಮನೆಗಳಲ್ಲಿಯೂ ಕಾಣುತ್ತಿದೆ. ಇದನ್ನು ಜೀರ್ಣೋದ್ಧಾರವೆಂದು ಕರೆಯುವವರೂ ಉಂಟು. ಆ ಪದಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದು ಉದ್ಧಾರವೇ ಹೊರತು ಅಳಿಸುವುದು ಉದ್ಧಾರವಲ್ಲ.

ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವನ್ನು ನೋಡಿದವರಿಗೆ ಈ ಭೇದವು ಸುಲಭವಾಗಿ ತಿಳಿಯುವುದು. ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, 1171ರಲ್ಲಿ, ಬಮ್ಮವ್ವೆ ನಾಯಕಿತಿಯು ಕಟ್ಟಿಸಿದ ಗುಡಿ ಅದು. ಅಂತಹ ಗುಡಿಯ ಮಾಳಿಗೆ ಸೋರದಂತೆ ಮಾಡುವುದೂ ಜಾರಿದ ಕಲ್ಲನ್ನು ಸ್ವಸ್ಥಾನಕ್ಕೆ ಸೇರಿಸುವುದೂ ಉದ್ಧಾರ. ಸವೆದ ವಿಗ್ರಹದ ಮುಖವನ್ನು ಇಂದಿನ ಉಳಿಯಿಂದ ಕೆತ್ತಿ ನುಣುಪುಮಾಡಿದರೆ ಅದು ಹೊಯ್ಸಳರ ಶಿಲ್ಪವಾಗಿ ಉಳಿಯುವುದೆ?

ಗಡಿಯಾರಕ್ಕೂ ಇದೇ ನ್ಯಾಯ. ಒಣಗಿದ ಎಣ್ಣೆಯಿಂದ ಒಳಗಿನ ಚಕ್ರಗಳು ಸವೆಯುವುದರಿಂದ ಯಂತ್ರವನ್ನು ಬಿಚ್ಚಿಸಿ, ತೊಳೆಸಿ, ಹೊಸ ಎಣ್ಣೆ ಹಾಕಿಸುವುದು ಕರ್ತವ್ಯವೇ ಸರಿ. ಮುಖವಾದರೋ ಕಳೆದ ಕಾಲಕ್ಕೆ ಸಾಕ್ಷಿ. ಹೊಸ ಬಣ್ಣ ಬಳಿಯುವವರು ಮೊದಲು ಹಳೆಯ ಮೆರುಗನ್ನೂ ಅಂಕಿಗಳನ್ನೂ ಲೋಹದವರೆಗೆ ಉಜ್ಜಿ ತೆಗೆಯುತ್ತಾರೆ. ಅನಂತರ ಹೊಸ ಅಕ್ಷರಗಳನ್ನು ಅಚ್ಚೊತ್ತುತ್ತಾರೆ. ಒಮ್ಮೆ ಹೋದುದು ಮರಳಿ ಬಾರದು.

ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಬೆಂಗಳೂರಿನಲ್ಲಿ 1961ರಲ್ಲಿ ಎಚ್.ಎಂ.ಟಿ. ಗಡಿಯಾರಗಳ ತಯಾರಿಕೆ ಆರಂಭವಾಯಿತು. ಕೀಲಿ ಕೊಟ್ಟು ನಡೆಸುವ ಅದರ 'ಜನತಾ' ಗಡಿಯಾರವು ಎಷ್ಟೋ ಗುಮಾಸ್ತರ, ಉಪಾಧ್ಯಾಯರ ಕೈಯಲ್ಲಿತ್ತು. ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಮಂತ್ರಿಮಂಡಲವು 2016ರಲ್ಲಿ ಒಪ್ಪಿತು. ಇಂದು ಉಳಿದಿರುವ ಹಳೆಯ ಮುಖಗಳಲ್ಲಿ ಒಂದನ್ನು ಉಜ್ಜಿದರೆ ಅಷ್ಟರಮಟ್ಟಿಗೆ ನಷ್ಟವೇ. ಬಣ್ಣ ಬಳಿದುದನ್ನು ಮೂಲದ್ದೆಂದು ಮಾರುವ ವ್ಯಾಪಾರಕ್ಕೂ ಈ ಮೋಹವೇ ದಾರಿಮಾಡಿದೆ.

ಭಿನ್ನವಾದ ಮೂರ್ತಿಗೆ ಬದಲಾಗಿ ಹೊಸ ಮೂರ್ತಿಯನ್ನು ಪ್ರತಿಷ್ಠಿಸುವುದಿಲ್ಲವೆ ಎಂದು ಕೆಲವರು ಕೇಳಬಹುದು. ನಿಜ, ಆದರೆ ಹೊಸದನ್ನು ಹೊಸದೆಂದೇ ಹೇಳಿ ಪ್ರತಿಷ್ಠಿಸುತ್ತಾರೆ, ಹಳೆಯದೆಂದು ನಂಬಿಸುವುದಿಲ್ಲ. ಅಂಕಿಗಳು ಓದಲಾಗದಷ್ಟು ಅಳಿದಿದ್ದರೆ ಬೇರೊಂದು ಮುಖವನ್ನು ಜೋಡಿಸಿಕೊಂಡು ಹಳೆಯದನ್ನು ಹಾಗೆಯೇ ತೆಗೆದಿಡಬಹುದು. ಕಲೆಗಳು ಹರಡುವುವೆಂಬ ಭಯವಿದ್ದರೆ ಸೀಳಿದ ಗಾಜನ್ನು ಬದಲಿಸಿ ತೇವವನ್ನು ತಡೆಯಬೇಕು. ರಾತ್ರಿಯಲ್ಲಿ ಹೊಳೆಯುತ್ತಿದ್ದ ಬಹಳ ಹಳೆಯ ಮುಖಗಳಲ್ಲಿ ರೇಡಿಯಂ ಇರುವುದುಂಟು. ಹೊಳಪು ಹೋದರೂ ಅದರ ವಿಷ ಹೋಗುವುದಿಲ್ಲ. ಅವನ್ನು ಉಜ್ಜಿ ಧೂಳೆಬ್ಬಿಸುವುದು ಆರೋಗ್ಯಕ್ಕೂ ಹಾನಿಕರ.

ತನ್ನ ಸೊತ್ತನ್ನು ತಾನು ಏನು ಮಾಡಿದರೇನು ಎಂಬುದು ಕಡೆಯ ವಾದ. ಪಿತ್ರಾರ್ಜಿತವಾದ ವಸ್ತುವನ್ನು ಮುಂದಿನವರಿಗೆ ಒಪ್ಪಿಸುವ ಹೊಣೆಯೂ ಪಡೆದವನ ಮೇಲಿರುತ್ತದೆ. ತಂದೆಯು ದಿನಕ್ಕೆ ಹತ್ತಾರು ಬಾರಿ ನೋಡಿದ ಆ ಮುಖವನ್ನೇ ಮೊಮ್ಮಗನೂ ನೋಡಲಿ. ಅದರ ಕಲೆಯಿಂದ ಮನೆತನಕ್ಕೆ ಯಾವ ಅವಮಾನವೂ ಇಲ್ಲ.